ಬೀಜದಕ್ಕನ ಆರಿಸುವ ಕೈ

ಆಕೆ ಎಣಿಸಿಟ್ಟ ಬೀಜಕ್ಕೆ ಮೊಳೆಯದೆ ಇರುವಷ್ಟು ಧೈರ್ಯ ಇಲ್ಲ ಅಂತ ಅಕ್ಕಪಕ್ಕದವರು ಹೇಳುತ್ತಿದ್ದರು. ಮೂಲೆಮನೆಯ ಗಡಿಯಾರ ರಿಪೇರಿಯವನು ಅದಕ್ಕೂ ಒಂದು ಹೆಜ್ಜೆ ಮುಂದೆ. ಆಯಮ್ಮ ಮುಟ್ಟಿದರೆ ಅಂಗಿಯ ಗುಂಡಿಯೂ ಚಿಗುರುತ್ತೆ, ಅದಕ್ಕೇ ನಾನು ಅವರ ಮುಂದೆ ಕೋಟು ಹಾಕ್ಕೊಂಡು ಓಡಾಡಲ್ಲ ಅನ್ನುತ್ತಿದ್ದ. ಓಣಿಯ ಹೆಂಗಸರು ಮಾತ್ರ ಇನ್ನೊಂದು ಮಾತನ್ನೂ ಸೇರಿಸುತ್ತಿದ್ದರು. ನಲ್ಲಿಯಲ್ಲಿ ನೀರು ಬಂತಾ ಅಂತ ಬೀಜದಕ್ಕನನ್ನು ಕೇಳಬೇಡಿ, ಕೇಳಿದರೆ ಬರುತ್ತೆ ಅಂತಲೇ ಹೇಳುತ್ತಾಳೆ, ಬಕೆಟ್ಟು ಹೊತ್ತುಕೊಂಡು ಹೋದ ಮೇಲೆ ನಲ್ಲಿ ಬರೀ ಸೀನುತ್ತಿರುತ್ತೆ.

ಬೀಜದಕ್ಕನ ಮನೆ ಅಂದರೆ ಬೀಜದ ಉಗ್ರಾಣದ ಬೆನ್ನಿಗೆ ಅಂಟಿಕೊಂಡ ಎರಡು ಕೋಣೆ. ಮುಂದಿನ ಕೋಣೆಯ ಗೋಡೆಗೆ ಕಿವಿ ಇಟ್ಟರೆ ಆ ಕಡೆ ಚೀಲ ಎಳೆಯುವ ಸದ್ದು ಕೇಳುತ್ತಿತ್ತು. ಹಿಂದಿನ ಕೋಣೆಯಿಂದ ಮೂರು ಮೆಟ್ಟಿಲು ಇಳಿದರೆ ಒಂದು ಕಲ್ಲುಹಾಸು, ಅದರ ತುದಿಗೆ ಆ ನಲ್ಲಿ. ಮದುವೆಯಾಗಿ ಬಂದದ್ದು ಅದೇ ಮನೆಗೆ. ಗಂಡ ಉಗ್ರಾಣದ ಕಾವಲುಗಾರ. ಒಂದು ಚಳಿಗಾಲದಲ್ಲಿ ಜ್ವರ ಬಂದು ಆತ ತೀರಿಕೊಂಡಾಗ ಆಫೀಸಿನವರು ಮನೆ ಬಿಡಿಸಲಿಲ್ಲ. ಬೀಜ ಆರಿಸುವ ಹಜಾರದಲ್ಲಿ ಕೂಲಿಗೆ ಕೂರುತ್ತಿದ್ದ ಆಕೆಯನ್ನೇ ಪರೀಕ್ಷಾ ಕೋಣೆಗೆ ಸಹಾಯಕಿ ಅಂತ ಹಾಕಿಕೊಂಡರು, ಮನೆ ಅವಳ ಹೆಸರಿಗೇ ಮುಂದುವರಿಯಿತು. ಮನೆಯಲ್ಲಿ ಆಕೆ, ಆಕೆಯ ಅತ್ತೆ, ಇಬ್ಬರೇ. ಅತ್ತೆಯೂ ಒಂದು ಕಾಲಕ್ಕೆ ಆ ಹಜಾರದಲ್ಲೇ ಬೀಜ ಆರಿಸಿದವಳು. ಸೊಸೆಗೆ ಕೆಲಸ ಕಲಿಸಿದ್ದೂ ಅವಳೇ. ಕಣ್ಣನ್ನು ನಂಬಬೇಡ, ಸಂಜೆಯಾಗುತ್ತಲೇ ಅದು ಸೋತುಹೋಗುತ್ತೆ, ಬೆರಳನ್ನು ಪಳಗಿಸು ಅಂತ ಹೇಳಿ, ಸೊಸೆಯ ಕಣ್ಣಿಗೆ ಸೆರಗು ಕಟ್ಟಿ, ತಟ್ಟೆಯ ತುಂಬ ಬೀಜ ಸುರಿದು, ಸುಕ್ಕಾದದ್ದನ್ನೂ ಪೊಳ್ಳನ್ನೂ ಬೆರಳಲ್ಲೇ ಹೊರಗೆ ತಳ್ಳಿಸುತ್ತಿದ್ದಳಂತೆ. ಆ ಹಜಾರದ ಹೆಂಗಸರೆಲ್ಲ ಕಲಿತದ್ದು ಹಾಗೇ.

ಪರೀಕ್ಷಾ ಕೋಣೆಯ ಕೆಲಸ ಕೇಳಿದರೆ ಸಲೀಸು. ಒಂದು ರಾಶಿಯಿಂದ ನೂರು ಬೀಜ ತೆಗೆಯಬೇಕು. ಒದ್ದೆ ಕಾಗದದ ಮೇಲೆ ಸಾಲಾಗಿ ಇಟ್ಟು, ಚಾಪೆ ಸುತ್ತಿದಂತೆ ಸುತ್ತಿ, ಬೆಚ್ಚಗಿನ ಬೀರುವಿನಲ್ಲಿ ನಿಲ್ಲಿಸಬೇಕು. ವಾರ ಕಳೆದ ಮೇಲೆ ಬಿಚ್ಚಿ, ಎಷ್ಟು ಮೊಳೆತಿವೆ ಅಂತ ಎಣಿಸಬೇಕು. ಆ ಅಂಕಿಯನ್ನೇ ಚೀಲದ ಮೇಲೆ ಅಚ್ಚು ಹಾಕಿ ಮಾರುತ್ತಿದ್ದರು. ಬೀಜದಕ್ಕ ಎಣಿಸಿದರೆ ತೊಂಬತ್ತಾರು, ತೊಂಬತ್ತೇಳು, ತೊಂಬತ್ತೆಂಟು. ಅದಕ್ಕಿಂತ ಕೆಳಗೆ ಇಳಿದದ್ದು ಯಾರಿಗೂ ನೆನಪಿಲ್ಲ.

ಆಮೇಲೆ ಆಫೀಸು ಬದಲಾಯಿತು. ಹೊಸ ಮೇಲ್ವಿಚಾರಕ ಬಂದು ಸಹಾಯಕರನ್ನೆಲ್ಲ ಸಾಲಾಗಿ ನಿಲ್ಲಿಸಿ, ಇನ್ನು ಮುಂದೆ ಪರೀಕ್ಷಾ ಕೋಣೆಯಲ್ಲಿ ಪರೀಕ್ಷಕರು ಮಾತ್ರ ಇರುತ್ತಾರೆ, ಪರೀಕ್ಷಕರಾಗಬೇಕಾದರೆ ಲೆಕ್ಕ, ಸಂಭವನೀಯತೆ, ಕಂಪ್ಯೂಟರು ಮೂರರಲ್ಲೂ ಪಾಸಾಗಬೇಕು ಅಂದ. ಎರಡು ಸಲ ಅವಕಾಶ. ಪಾಸಾಗದವರು ಆರಿಸುವ ಹಜಾರಕ್ಕೆ ವಾಪಸ್ಸು. ಉಗ್ರಾಣದ ಬೆನ್ನಿಗಿರುವ ಮನೆ ಪರೀಕ್ಷಕರಿಗೆ ಮಾತ್ರ. ಗಾಬರಿ ಬೇಡ, ನೀವೆಲ್ಲ ಶಾಲೆಯಲ್ಲಿ ಓದಿದ್ದನ್ನೇ ಮತ್ತೆ ನೆನಪು ಮಾಡಿಕೊಳ್ಳುವ ತರಗತಿ ಇದು ಅಂತಲೂ ಸಮಾಧಾನ ಹೇಳಿದ. ಮರೆಯೋಕೆ ಮೊದಲು ಗೊತ್ತಿರಬೇಕಲ್ಲ ಅಂತ ಬೀಜದಕ್ಕ ಗೊಣಗಿಕೊಂಡಳು.

ತರಗತಿ ನಡೆದದ್ದು ಉಗ್ರಾಣದ ಮೇಲಿನ ಉದ್ದನೆಯ ಕೋಣೆಯಲ್ಲಿ. ಕಲಿಸಲು ಬಂದ ತರಬೇತಿ ಮೇಷ್ಟ್ರು ಸಣ್ಣ ವಯಸ್ಸಿನವನು, ಸಿಟ್ಟು ಅನ್ನೋದೇ ಇಲ್ಲ. ಅದೇ ಆಕೆಗೆ ಮೊದಲ ಸಿಟ್ಟು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈತ ತಪ್ಪು ಮಾಡಿದಷ್ಟೂ ಮೆತ್ತಗಾಗುತ್ತಿದ್ದ. ನೂರು ಬೀಜದ ಶೇಕಡಾ ಆಕೆಗೆ ಬೆರಳ ತುದಿಯಲ್ಲಿತ್ತು, ಅರವತ್ತು ಬೀಜ ಇಟ್ಟು ಐವತ್ತೊಂದು ಮೊಳೆತರೆ ಎಷ್ಟು ಅಂತ ಕೇಳಿದರೆ ಎಲ್ಲ ಕಲಸಿಹೋಗುತ್ತಿತ್ತು. ಇನ್ನೂ ನಲವತ್ತು ಬೀಜ ಇಡಿ, ಆಮೇಲೆ ಹೇಳ್ತೀನಿ ಅನ್ನುತ್ತಿದ್ದಳು. ಸರಾಸರಿ ಬಂದಾಗ ಒಂದು ಮನೆಗೆ ಎರಡೂವರೆ ಮಕ್ಕಳು ಅಂತ ಉತ್ತರ ಬಂತು. ಆಕೆ ಪೆನ್ಸಿಲು ಕೆಳಗಿಟ್ಟು, ಆ ಅರ್ಧದ್ದಕ್ಕೆ ಅಂಗಿ ಹೊಲಿಯೋರು ಯಾರು ಅಂತ ಕೇಳಿದಳು. ಕೋಣೆಯೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕು, ಉತ್ತರ ಸರಿಯಾಗಿದೆ ಅಮ್ಮ, ಹಾಗೇ ಬಿಡಿ ಅಂದ. ಉತ್ತರ ಸರಿ ಇದ್ದೂ ಅರ್ಥವಾಗದೆ ಇರುವುದು ತಪ್ಪು ಉತ್ತರಕ್ಕಿಂತ ಕಷ್ಟ ಅಂತ ಆಕೆಗೆ ಅವತ್ತು ಗೊತ್ತಾಯಿತು.

ಕಂಪ್ಯೂಟರಿನದು ಬೇರೆಯದೇ ಹಿಂಸೆ. ಮೌಸು ಮೇಜಿನ ಅಂಚಿಗೆ ಬಂದಾಗ ಎತ್ತಿ ವಾಪಸ್ಸು ಇಡಬೇಕು ಅಂತ ಯಾರೂ ಹೇಳಿರಲಿಲ್ಲ. ಆಕೆ ಅದನ್ನು ಹಿಡಿದುಕೊಂಡೇ ಕುರ್ಚಿ ಬಿಟ್ಟೆದ್ದು ಪಕ್ಕದವಳ ಮೇಜಿನ ಮೇಲೆ ಓಡಿಸಿದಳು. ಎರಡು ಸಲ ಒತ್ತಿ ಅಂದರೆ ಒಂದು ಸಲ ಒತ್ತಿ, ಏನಾಯಿತು ಅಂತ ನೋಡಿ, ಇನ್ನೊಂದು ಸಲ ಒತ್ತುತ್ತಿದ್ದಳು. ಕೋಷ್ಟಕದಲ್ಲಿ ಅಂಕಿಗಳನ್ನು ತುಂಬಿ, ಕೂಡಿಸುವ ಸೂತ್ರ ಬರೆದರೆ ಉತ್ತರದ ಜಾಗದಲ್ಲಿ ಸೂತ್ರವೇ ಕೂತಿರುತ್ತಿತ್ತು, ಮುಂದೆ ಸಮ ಚಿಹ್ನೆ ಹಾಕುವುದು ಮರೆತಿರುತ್ತಿದ್ದಳು. ಅದನ್ನು ಹಾಕಿದ ದಿನ ಉತ್ತರದ ಬದಲು ಸಣ್ಣ ಸಣ್ಣ ಜಾಲರಿ ಗುರುತುಗಳ ಸಾಲು ಕಾಣಿಸಿತು. ಯಂತ್ರ ಕೆಟ್ಟುಹೋಯಿತು, ದಂಡ ಹಾಕ್ತಾರೆ ಅಂತ ಆಕೆ ಎರಡೂ ಕೈ ಎತ್ತಿ ಹಿಂದೆ ಸರಿದಳು. ಪಕ್ಕದ ಕನ್ನಡಕದ ಹುಡುಗಿ ಬಗ್ಗಿ ನೋಡಿ, ಅಕ್ಕ, ಏನೂ ಆಗಿಲ್ಲ, ಉತ್ತರ ದಪ್ಪಗಿದೆ, ಕೋಣೆ ಸಣ್ಣದಾಗಿದೆ ಅಷ್ಟೆ ಅಂತ ಗೆರೆ ಹಿಡಿದು ಅಗಲ ಮಾಡಿದಳು. ಈ ಹುಡುಗಿ ಹೊಸದಾಗಿ ಕೆಲಸಕ್ಕೆ ಸೇರಿದವಳು, ಹಜಾರದಲ್ಲಿ ಒಂದು ದಿನವೂ ಕೂತವಳಲ್ಲ. ಸೋದರಮಾವನ ಮನೆಯ ಪಡಸಾಲೆಯಲ್ಲಿ ಮಲಗುತ್ತಿದ್ದಳು. ಆಕೆಗೂ ಮನೆ ಬೇಕಿತ್ತು, ಅದನ್ನು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ.

ಮನೆಯಲ್ಲಿ ಅಭ್ಯಾಸಕ್ಕೆ ಅಂತ ಮೇಷ್ಟ್ರು ಒಂದು ದಾಳ ಕೊಟ್ಟಿದ್ದ. ಅದನ್ನು ಅತ್ತೆ ವಶಮಾಡಿಕೊಂಡಳು. ಕಲ್ಲುಹಾಸಿನ ಮೇಲೆ ಕಾಲು ಚಾಚಿ ಕೂತು ಎಸೆಯುತ್ತ, ಆರು ಬಹಳ ಹೊತ್ತಿನಿಂದ ಬಂದಿಲ್ಲ, ಈಗ ಬರಲೇಬೇಕು ಅನ್ನುತ್ತಿದ್ದಳು. ದಾಳಕ್ಕೆ ಹಿಂದಿನದು ನೆನಪಿರಲ್ಲ ಅತ್ತೆ, ಪ್ರತಿ ಸಲವೂ ಆರರಲ್ಲಿ ಒಂದೇ ಅಂತ ಸೊಸೆ ಪುಸ್ತಕ ನೋಡಿ ಒಪ್ಪಿಸುತ್ತಿದ್ದಳು. ನಿನಗೂ ನೆನಪಿರಲ್ಲ, ಆದರೂ ನನ್ನ ಮಾತು ಕೇಳ್ತೀಯಲ್ಲ, ಅದ್ಯಾಕೆ ಕೇಳಲ್ಲ ಅಂತ ಅತ್ತೆ. ಒಂದು ಸಂಜೆ ಮೂರು ಸಲ ಸಾಲಾಗಿ ಆರು ಬಿತ್ತು. ಅತ್ತೆ ದಾಳವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಬೀಜದಕ್ಕ ಪುಸ್ತಕ ಮುಚ್ಚಿ ನಲ್ಲಿ ತಿರುಗಿಸಿದಳು. ನೀರಿಲ್ಲ. ಒಳಗಿನಿಂದ ಅತ್ತೆಯ ದನಿ ಬಂತು, ಇದನ್ನಾದರೂ ಲೆಕ್ಕಕ್ಕೆ ತಗೋ. ಇದು ಲೆಕ್ಕಕ್ಕಲ್ಲ, ಇವತ್ತೇನೋ ಬಂದಿಲ್ಲ ಅಷ್ಟೆ ಅಂದಳು ಸೊಸೆ.

ಹೇಗೋ ತಿಣುಕಿ ಲಿಖಿತ ಪರೀಕ್ಷೆಯಲ್ಲಿ ಅಂಚಿಗೆ ಪಾಸಾದಳು. ಕಂಪ್ಯೂಟರೂ ದಾಟಿತು. ಉಳಿದದ್ದು ಬೀಜದ ಪರೀಕ್ಷೆ. ಅದು ಅವಳದೇ ಮೇಜು, ಅವಳದೇ ಕಾಗದ, ಅವಳದೇ ಬೀರು. ಇನ್ನೇನು ಮನೆ ಉಳಿದ ಹಾಗೇ ಅಂತ ಗಡಿಯಾರ ರಿಪೇರಿಯವನಿಗೂ ಹೇಳಿಬಿಟ್ಟಿದ್ದಳು.

ಒಂದೇ ಚೀಲದ ಬೀನ್ಸ್ ಬೀಜವನ್ನು ದೊಡ್ಡ ತೊಟ್ಟಿಯಲ್ಲಿ ಚೆನ್ನಾಗಿ ಕಲಸಿಟ್ಟಿದ್ದರು. ಒಬ್ಬೊಬ್ಬರು ಸೌಟಿನಷ್ಟು ದೊಡ್ಡ ಚಮಚದಲ್ಲಿ ಎತ್ತಿ ಮೇಜಿನ ಮೇಲೆ ಸುರಿದು, ಒಂದು ಅಂಚಿನಿಂದ ಶುರುಮಾಡಿ ಬಿಡದೆ ನೂರು ತೆಗೆದು ಕಾಗದದ ಮೇಲಿಡಬೇಕು. ಯಾವುದನ್ನೂ ಆರಿಸಬಾರದು, ಕೈಗೆ ಬಂದದ್ದು ಬಂದಂತೆ ಅಂತ ಮೇಷ್ಟ್ರು ಎರಡು ಸಲ ಹೇಳಿದ. ಬೀಜದಕ್ಕ ಎಲ್ಲರಿಗಿಂತ ಮೊದಲು ಮುಗಿಸಿ ಕೈ ಕಟ್ಟಿ ನಿಂತಳು. ಮೇಷ್ಟ್ರು ಒಂದೊಂದೇ ಕಾಗದ ನೋಡುತ್ತ ಬಂದ. ಕನ್ನಡಕದ ಹುಡುಗಿಯ ನೂರರಲ್ಲಿ ಹತ್ತು ಸುಕ್ಕು ಬೀಜ. ಆಚೆಯವಳದರಲ್ಲಿ ಒಂಬತ್ತು, ಅವಳಾಚೆಯವಳದರಲ್ಲಿ ಹನ್ನೆರಡು. ಬೀಜದಕ್ಕನ ನೂರೂ ಹೊಳೆಯುತ್ತಿದ್ದವು, ಅಂಗಡಿಯ ಗಾಜಿನ ಹಿಂದೆ ಇಟ್ಟ ಮಣಿಗಳ ಹಾಗೆ.

ಮೇಷ್ಟ್ರು ಬಹಳ ಮೆತ್ತಗೆ, ನೀವು ಆರಿಸಿದಿರಿ ಅಮ್ಮ ಅಂದ. ಇಲ್ಲ ಅಂದಳು. ದೇವರಾಣೆಗೂ ಇಲ್ಲ ಅಂದಳು. ಒಂದೊಂದು ಸಲ ಹಾಗೂ ಬರಬಹುದಲ್ಲ, ಮೂರು ಸಲ ಸಾಲಾಗಿ ಆರು ಬೀಳುತ್ತಲ್ಲ ಅಂತ ಅವನ ಪಾಠವನ್ನೇ ಅವನಿಗೆ ಒಪ್ಪಿಸಿದಳು. ಬರಬಹುದು, ಹಾಗಾದರೆ ಇನ್ನೊಂದು ನೂರು ತೆಗೀರಿ, ಮತ್ತೂ ಹೀಗೇ ಬಂದರೆ ಅದು ಬರೀ ಅದೃಷ್ಟ ಅಲ್ಲ ಅಂದ ಆತ. ಸಿಟ್ಟಿನಲ್ಲಿ ಚಮಚ ತುಂಬಿ ಸುರಿದು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಎಲ್ಲರಿಗೂ ಕೇಳಿಸುವಂತೆ ಎಣಿಸುತ್ತ ನೂರು ತೆಗೆದಳು. ಕಣ್ಣು ಬಿಟ್ಟರೆ ಕಾಗದದ ಮೇಲೆ ನೂರು ಮಣಿ. ಅವಳ ಕಿರುಬೆರಳ ಪಕ್ಕದಲ್ಲಿ ಸುಕ್ಕು ಬೀಜಗಳ ಒಂದು ಪುಟ್ಟ ಗುಡ್ಡೆ.

"ಇದನ್ನ ಇಲ್ಲಿ ಯಾರು ಇಟ್ಟರು?" ಅಂತ ಕೇಳಿದಳು.

ಕನ್ನಡಕದ ಹುಡುಗಿ ತಲೆ ತಗ್ಗಿಸಿದಳು. ಬೀಜದಕ್ಕ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಪಕ್ಕದ ಮನೆಯವರ ಮಗು ಏನೋ ಒಡೆದಾಗ ನೋಡುತ್ತಾರಲ್ಲ, ಹಾಗೆ.

ಅವತ್ತು ಫೇಲಾಗಿ ಮನೆಗೆ ಬಂದವಳು ಅತ್ತೆಯ ಮೇಲೆ ಹರಿಹಾಯ್ದಳು. ಕಣ್ಣು ಕಟ್ಟಿ ಕಲಿಸಿ ಅಂತ ನಿಮಗೆ ಯಾರು ಹೇಳಿದ್ದು ಅಂತ. ಅತ್ತೆ ತರಕಾರಿ ಹೆಚ್ಚುತ್ತಿದ್ದವಳು ಈಳಿಗೆ ಪಕ್ಕಕ್ಕಿಟ್ಟು, ಕೂಲಿ ಕೊಡೋನು ಹೇಳಿದ್ದ ಅಂದಳು. ಸೊಸೆ ಹೊರಗೆ ಹೋಗಿ ನಲ್ಲಿಯ ಪಕ್ಕ ಕೂತಳು. ಆಗ ಮನಸ್ಸಿಗೆ ಬಂದದ್ದು ಮನೆಯ ಯೋಚನೆಯಲ್ಲ, ಮೀಸೆಯ ತೋಟದವನು. ಆತ ಊರಾಚೆ ತರಕಾರಿ ಬೆಳೆಯುವವನು. ಪ್ರತಿ ಬಿತ್ತನೆಯ ಮೇಲೂ ಬಂದು, ನಿಮ್ಮ ಚೀಲದ ಮೇಲೆ ತೊಂಬತ್ತೇಳು ಅಂತಿದೆ, ನನ್ನ ಸಾಲಲ್ಲಿ ಹಲ್ಲು ಉದುರಿದ ಹಾಗೆ ಜಾಗ ಖಾಲಿ ಬಿದ್ದಿದೆ ಅಂತ ಜಗಳ ಕಾಯುತ್ತಿದ್ದ. ಕಾಗೆ ತಿಂದಿರುತ್ತೆ, ನೀರು ಹೆಚ್ಚು ಹಾಕಿರ್ತೀಯ, ಬೀಜ ಬಿತ್ತೋಕೂ ಬರಬೇಕು ಅಂತ ಆಕೆ ಅವನ ಬಾಯಿ ಮುಚ್ಚಿಸಿ ಕಳಿಸುತ್ತಿದ್ದಳು. ಅವನ ಹೊಲಕ್ಕೆ ಹೋಗುತ್ತಿದ್ದದ್ದು ಚೀಲದಲ್ಲಿದ್ದ ಬೀಜ. ಅವಳು ಎಣಿಸುತ್ತಿದ್ದದ್ದು ತನ್ನ ಬೆರಳು ಮೆಚ್ಚಿದ ಬೀಜ. ಇಷ್ಟು ವರ್ಷ ಕಾಗೆಯ ಮೇಲೆ ಹಾಕಿದ್ದೆಲ್ಲ ಅವಳ ಕಿರುಬೆರಳ ಪಕ್ಕದ ಗುಡ್ಡೆಯಲ್ಲಿತ್ತು.

ಆ ವಾರವೇ ಆತ ಮತ್ತೆ ಬಂದ. ಮಾಮೂಲಿನಂತೆ ಬಾಗಿಲಲ್ಲೇ ಶುರುಮಾಡಿದ. ಬೀಜದಕ್ಕ ಕೇಳಿಸಿಕೊಂಡು, ಅಣ್ಣ, ಅಂಕಿ ನಂಬಬೇಡ, ನೂರು ಗಿಡ ಬೇಕಾದರೆ ನೂರಹದಿನೈದು ಬೀಜ ಹಾಕು, ತಪ್ಪು ನಿಂದಲ್ಲ ಅಂದಳು. ಆತ ಜಗಳಕ್ಕೆ ಅಂತ ತುಂಬಿಕೊಂಡು ಬಂದ ಉಸಿರನ್ನು ಏನು ಮಾಡುವುದು ಅಂತ ತಿಳಿಯದೆ ನಿಂತ. ಮೈ ಹುಷಾರಿಲ್ವಾ ತಾಯಿ ಅಂತ ಕೇಳಿದ. ಚೆನ್ನಾಗೇ ಇದೀನಿ ಅಂದಳು. ಹೋಗುವಾಗ ಎರಡು ಸಲ ಹಿಂತಿರುಗಿ ನೋಡಿದ. ಅವಳು ಮೇಲ್ವಿಚಾರಕನ ಹತ್ತಿರವೂ ಹೋಗಿ, ನಾನು ಎಣಿಸಿದ ಚೀಲಗಳನ್ನು ಇನ್ನೊಂದು ಸಲ ಬೇರೆಯವರ ಕೈಲಿ ನೋಡಿಸಿ ಅಂದಳು. ಆತ ಮುಖ ಎತ್ತದೆ, ಮೊದಲು ಪಾಸಾಗು ಅಂದ. ಚೀಲಗಳು ಹಾಗೇ ಹೋದವು.

ಎರಡನೆಯ ಅವಕಾಶಕ್ಕೆ ಅತ್ತೆಯೇ ಒಂದು ಉಪಾಯ ಹೇಳಿಕೊಟ್ಟಳು. ಹೆಂಗಿದ್ದರೂ ಎಲ್ಲರಿಗೂ ಹತ್ತರ ಸುಮಾರು ಸುಕ್ಕು ಬಂದಿವೆ ತಾನೇ, ನೀನೂ ಹತ್ತು ಸುಕ್ಕು ಎಣಿಸಿ ಒಳಗೆ ಸೇರಿಸು, ಯಾರಿಗೆ ಗೊತ್ತಾಗುತ್ತೆ.

"ಅದೂ ಆರಿಸಿದ ಹಾಗೇ ಅಲ್ವಾ ಅತ್ತೆ?"

"ಆರಿಸಲಿಲ್ಲ ಅಂತ ಕಾಣೋಕೆ ಆರಿಸೋದು," ಅಂದಳು ಅತ್ತೆ. "ಮನೆ ಉಳಿಯೋದು ಮುಖ್ಯ."

ಇಡೀ ಸಂಜೆ ಅದನ್ನೇ ಯೋಚಿಸಿದಳು. ಬೇಡ ಅನ್ನಿಸಿದ್ದು ದೊಡ್ಡ ನಿಯತ್ತಿನಿಂದ ಅಂತೇನೂ ಅಲ್ಲ. ಇಷ್ಟು ದಿನ ತಲೆ ಕೆಡಿಸಿಕೊಂಡು ಕಲಿತದ್ದನ್ನು ಒಂದು ಸಲವಾದರೂ ಸರಿಯಾಗಿ ಮಾಡಿ ತೋರಿಸಬೇಕು ಅನ್ನುವ ಹಟ. ಗಂಡನ ಕಾವಲಿನ ಕಾಲದ ದಪ್ಪ ಉಣ್ಣೆಯ ಕೈಗವಸು ಟ್ರಂಕಿನ ತಳದಲ್ಲಿತ್ತು. ಅದನ್ನು ಹಾಕಿಕೊಂಡರೆ ಬೆರಳಿಗೆ ಕಡಲೆಯೂ ಒಂದೇ, ಕಲ್ಲೂ ಒಂದೇ. ಅದನ್ನೇ ತೊಟ್ಟು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಎರಡನೆಯ ಸಲದ ನೂರು ಬೀಜ ತೆಗೆದಳು. ಅರ್ಧ ಬೀಜ ಜಾರಿ ನೆಲಕ್ಕೆ ಬಿದ್ದವು. ಉಳಿದ ಸಹಾಯಕಿಯರು ಮುಸಿಮುಸಿ ನಕ್ಕರು. ಬಿದ್ದದ್ದನ್ನೆಲ್ಲ ಎತ್ತಿ ಕೊಡಿ ಅಂತ ಕೇಳಿ ಮತ್ತೆ ರಾಶಿಗೇ ಸೇರಿಸಿದಳು. ಬಟ್ಟೆ ಬಿಚ್ಚಿ ನೋಡಿದರೆ ಕಾಗದದ ಮೇಲೆ ಹನ್ನೊಂದು ಸುಕ್ಕು. ತನ್ನ ಸಾಲಿನಲ್ಲಿ ಸುಕ್ಕು ಬೀಜ ನೋಡಿ ಆಕೆಗೆ ಮೊದಲ ಬಾರಿಗೆ ಖುಷಿಯಾಯಿತು. ಮೇಷ್ಟ್ರೂ ಮೊದಲ ಬಾರಿಗೆ ದೊಡ್ಡ ದನಿಯಲ್ಲಿ, ಸರಿಯಾಗಿದೆ ಅಂದ.

ಆ ವಾರ ಮನೆಯಲ್ಲಿ ಮನೆ ಉಳಿದೇ ಹೋದ ಹಾಗೆ ಮಾತು. ಅತ್ತೆ ಹಿಂದಿನ ಕೋಣೆಗೆ ಹೊಸ ಪರದೆಯ ಬಣ್ಣ ನಿಶ್ಚಯ ಮಾಡಿದಳು.

ವಾರ ಕಳೆದು ಕಾಗದದ ಸುರುಳಿ ಬಿಚ್ಚಿ, ತಾನೇ ಎಣಿಸಿ, ತಾನೇ ಕಂಪ್ಯೂಟರಿಗೆ ಹಾಕಬೇಕು. ಬೇರು ಬಂದು, ಕಾಂಡ ನೆಟ್ಟಗಿದ್ದು, ಎಲೆ ಒಡೆದಿದ್ದರೆ ಲೆಕ್ಕಕ್ಕೆ. ತಿರುಚಿಕೊಂಡದ್ದು, ಬೇರು ಮೊಂಡಾದದ್ದು, ಕೊಳೆತ ವಾಸನೆ ಬಂದದ್ದು ಲೆಕ್ಕಕ್ಕಿಲ್ಲ. ಬೀಜದಕ್ಕ ನಿಧಾನವಾಗಿ ಒಂದೊಂದನ್ನೇ ಎತ್ತಿ ನೋಡಿದಳು. ಒಂದು ಮೊಳಕೆಯ ಕತ್ತು ಸೊಟ್ಟಗಿತ್ತು. ಇನ್ನೊಂದು ಅರ್ಧ ಸಿಪ್ಪೆಯೊಳಗೇ ಸಿಕ್ಕಿಕೊಂಡು ಒದ್ದಾಡುತ್ತಿತ್ತು. ಮತ್ತೊಂದಕ್ಕೆ ಬೇರು ಒಂದು ಕೂದಲೆಳೆಯಷ್ಟು. ಕೋಷ್ಟಕದಲ್ಲಿ ಅಂಕಿ ತುಂಬಿದಳು, ಸಮ ಚಿಹ್ನೆ ಮರೆಯಲಿಲ್ಲ, ಉತ್ತರ ತಾನಾಗಿ ಬಂತು. ತೊಂಬತ್ತೈದು.

ಮೇಷ್ಟ್ರು ಅದೇ ಕಾಗದವನ್ನು ತಾನು ಎಣಿಸಿದ. ಎಂಬತ್ತೇಳು. ಇನ್ನೊಮ್ಮೆ ಎಣಿಸಿದ. ಎಂಬತ್ತೇಳು. ಒಂದು ಸೊಟ್ಟ ಮೊಳಕೆಯನ್ನು ಎತ್ತಿ ಹಿಡಿದು, ಇದನ್ನು ಯಾಕೆ ಸೇರಿಸಿದಿರಿ ಅಂತ ಕೇಳಿದ.

"ನಾಳೆ ನೆಟ್ಟಗಾಗುತ್ತೆ," ಅಂದಳು.

"ಆಗದೇನೂ ಇರಬಹುದಲ್ಲ ಅಮ್ಮ."

"ಇಷ್ಟು ದೂರ ಬಂದಿದೆ. ಪಾಪ, ಕಷ್ಟಪಟ್ಟಿದೆ."

ಮೇಷ್ಟ್ರು ಮೊಳಕೆಯನ್ನು ಕಾಗದದ ಮೇಲೆ ಇಟ್ಟ. ಅವನಿಗೂ ಬೇಜಾರಾಗಿತ್ತು, ಆದರೆ ಬೇಜಾರಿಗೆ ಅಂಕ ಕೊಡುವ ಹಾಗಿರಲಿಲ್ಲ. ಬೀಜದಕ್ಕನಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಕೈಗೆ ಉಣ್ಣೆ ತೊಡಿಸಿದ್ದೆ, ಕಣ್ಣಿಗೆ ಬಟ್ಟೆ ಕಟ್ಟಿದ್ದೆ, ಇದಕ್ಕೆ ಇನ್ನೆಲ್ಲಿ ಏನು ಕಟ್ಟಲಿ ಅಂತ ಎದೆ ಮುಟ್ಟಿಕೊಂಡು ಗೊಣಗಿದಳು. ಕನ್ನಡಕದ ಹುಡುಗಿ ಮೊದಲ ಸಲವೇ ಪಾಸಾಗಿದ್ದಳು. ಮನೆ ಯಾರಿಗೆ ಅಂತ ಕೇಳುವ ಅಗತ್ಯ ಇರಲಿಲ್ಲ.

ಹಜಾರದವರು ಅವಳನ್ನು ಖುಷಿಯಿಂದಲೇ ವಾಪಸ್ಸು ಕರೆದುಕೊಂಡರು. ಅಲ್ಲಿ ಆ ಕೈಯೇ ಬೇಕಿತ್ತು. ಹೊಗಳಿದರು ಕೂಡ. ಅದೇ ಬೆರಳಿಗೆ ಕೆಳಗಿನ ಹಜಾರದಲ್ಲಿ ಹೊಗಳಿಕೆ, ಮೇಲಿನ ಕೋಣೆಯಲ್ಲಿ ಸೊನ್ನೆ ಅಂತ ಆಕೆ ಹಲ್ಲು ಕಡಿದುಕೊಂಡೇ ಬೀಜ ಆರಿಸಿದಳು. ಗಡಿಯಾರ ರಿಪೇರಿಯವನ ಅಂಗಡಿಯ ಮೇಲೊಂದು ಕೋಣೆ ಖಾಲಿ ಇತ್ತು. ಬಾಡಿಗೆ ಕಡಿಮೆ, ಮೆಟ್ಟಿಲು ಕಡಿದು. ಅತ್ತೆ ಏರಿ ನೋಡಿ ಬಂದು, ಇಲ್ಲಿಂದ ನನ್ನನ್ನ ಇಳಿಸೋರು ನಾಲ್ಕು ಜನವೇ ಅಂತ ಘೋಷಿಸಿದಳು.

ಮನೆ ಬಿಡುವ ದಿನ ಬೆಳಿಗ್ಗೆ ಕೈಗಾಡಿಯ ಮೇಲೆ ಟ್ರಂಕು, ಹಾಸಿಗೆ, ಪಾತ್ರೆ ಏರಿದವು. ಅತ್ತೆ ಗಾಡಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಮೊಣಕಾಲ ಮೇಲೆ ದಾಳ ಉರುಳಿಸುತ್ತಿದ್ದಳು. ಮೇಷ್ಟ್ರಿಗೆ ವಾಪಸ್ಸು ಕೊಡೋದಲ್ವಾ ಅದು ಅಂದರೆ, ಆರು ಬಿದ್ದ ಮೇಲೆ ಕೊಡ್ತೀನಿ ಅಂದಳು. ಬೀಜದಕ್ಕ ಒಳಗೆ ಹೋಗಿ ಇನ್ನೊಂದು ಸಲ ಕಸ ಗುಡಿಸಿದಳು. ಗೋಡೆಗೆ ಕಿವಿ ಇಟ್ಟಳು. ಆ ಕಡೆ ಯಾರೋ ಚೀಲ ಎಳೆಯುತ್ತಿದ್ದರು. ಗಂಡನ ಅಂಗಿ ನೇತುಹಾಕುತ್ತಿದ್ದ ಮೊಳೆಯನ್ನು ಕೀಳಲು ನೋಡಿದಳು, ಬರಲಿಲ್ಲ, ಬಿಟ್ಟಳು.

ಕನ್ನಡಕದ ಹುಡುಗಿ ಒಂದು ಸೂಟ್‌ಕೇಸು ಹಿಡಿದು ಬಾಗಿಲ ಹೊರಗೇ ನಿಂತಿದ್ದಳು, ಒಳಗೆ ಬರಲು ಸಂಕೋಚ. ಬಾ, ಇನ್ನು ನಿನ್ನದೇ ಅಂತ ಬೀಜದಕ್ಕ ಬೀಗದ ಕೈ ಕೊಟ್ಟಳು. ಕೊಟ್ಟ ಮೇಲೂ ಕೈ ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿತ್ತು. ಹುಡುಗಿ ಏನಾದರೂ ಮಾತಾಡಬೇಕಲ್ಲ ಅಂತ ಹಿಂದಿನ ಬಾಗಿಲ ಕಡೆ ನೋಡಿ, "ಅಕ್ಕ, ನಲ್ಲೀಲಿ ನೀರು ಬರುತ್ತಾ?" ಅಂತ ಕೇಳಿದಳು.

ಗಾಡಿಯ ಹತ್ತಿರ ದಾಳದ ಸದ್ದು ನಿಂತಿತು. ಅತ್ತೆ ಕಿವಿ ಕೊಟ್ಟಿದ್ದಳು.

ಬೀಜದಕ್ಕ ಬರುತ್ತೆ ಅನ್ನಲು ಬಾಯಿ ತೆರೆದವಳು ತಡೆದಳು. ಮನಸ್ಸಿನಲ್ಲಿ ಏನೋ ಕೂಡಿಸಿದಳು, ಏನೋ ಕಳೆದಳು.

"ಹತ್ತು ದಿನಕ್ಕೆ ಆರು ದಿನ ಬರುತ್ತೆ," ಅಂದಳು. "ಸೀನಿ ಸುಮ್ಮನಾಗೋ ದಿನಾನೂ ಸೇರಿಸಿಯೇ ಹೇಳ್ತಿದೀನಿ. ಬಂದ ದಿನ ಒಂದು ಬಕೆಟ್ಟು ಜಾಸ್ತಿ ಹಿಡಿದಿಟ್ಟುಕೋ."

ಹುಡುಗಿ ತಲೆಯಾಡಿಸಿದಳು. ಬೀಜದಕ್ಕ ಹೊಸ್ತಿಲು ದಾಟಿ, ಗಾಡಿಯ ಹಿಂಬದಿಗೆ ಕೈ ಕೊಟ್ಟು ನೂಕಿದಳು.